ಅತ್ತೆಯವರ ಕೈಗೆ ನಾನು ಡ್ಯೂಪು

ಈ ಭಾನುವಾರ ನಾನು ಮಾಡಿದ ಕೆಲಸಗಳು: ಎದ್ದ ತಕ್ಷಣ ಮೆಟ್ಟಿಲ ಮೇಲಿನ ಮಂಜಿಗೆ ಉಪ್ಪು ಎರಚಿದೆ. ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಹೂರಣ ರುಬ್ಬಿದೆ. ಕಣಕ ಕಲಸಿ ನೆನೆಯಲು ಬಿಟ್ಟೆ. ಮಗಳ ಬಟ್ಟೆಗಳನ್ನು ಡ್ರೈಯರಿಗೆ ಹಾಕಿದೆ. ಅತ್ತೆಯವರ ರೇಷ್ಮೆ ಸೀರೆಗೆ ಇಸ್ತ್ರಿ ಮಾಡಿದೆ, ನೆರಿಗೆ ಹಿಡಿದೆ, ಅವರ ಬೂಟಿನ ಜಿಪ್ಪು ಎಳೆದೆ. ಎಲ್ಲವನ್ನೂ, ಎಲ್ಲರನ್ನೂ ವ್ಯಾನಿಗೆ ತುಂಬಿ ಈ ಪರದೇಶದ ನಮ್ಮೂರು ಮಾರ್ಕಮ್‌ನಿಂದ ಕಾರ್ಯಕ್ರಮವಿದ್ದ ರೆಕ್ಸ್‌ಡೇಲಿಗೆ ಹೊರಟೆ. ಒಬ್ಬ ಪ್ರಸಿದ್ಧ ವ್ಯಕ್ತಿಯನ್ನು ಮನೆಯಿಂದ ಹೊರಡಿಸುವುದೆಂದರೆ ಇಷ್ಟು ಕೆಲಸ ಇದ್ದೇ ಇರುತ್ತದೆ. ಪ್ರಸಿದ್ಧ ವ್ಯಕ್ತಿ ಎಂದರೆ ನಮ್ಮ ಅತ್ತೆ.

ನಾನು ಚಿಕ್ಕವಳಿದ್ದಾಗ ತಾರೆಯರು ದೂರದಲ್ಲಿರುತ್ತಿದ್ದರು. ಅವರಿಗೆ ಇಷ್ಟವಾದ ತಿಂಡಿ ಯಾವುದು, ಬಣ್ಣ ಯಾವುದು ಎಂದು ವಾರಪತ್ರಿಕೆಯಲ್ಲಿ ಓದಿ, ಅದೇ ಬಣ್ಣದ ರಿಬ್ಬನ್ನಿಗಾಗಿ ಅಮ್ಮನನ್ನು ಪೀಡಿಸುತ್ತಿದ್ದೆವು. ಈಗ ತಾರೆ ನಮ್ಮ ಮನೆಯಲ್ಲೇ ಇದೆ, ಬಾತ್‌ರೂಮಿನ ಲೈಟು ಆರಿಸಲು ಮರೆಯುತ್ತದೆ. ಇದಕ್ಕೆ ಕಾರಣ ಮಗಳು ಅನಘಾ. ಶಾಲೆಯ ಪ್ರಾಜೆಕ್ಟಿಗೆಂದು ಅಜ್ಜಿಯ ಅಡುಗೆಯನ್ನು ಮೊಬೈಲಿನಲ್ಲಿ ವಿಡಿಯೋ ತೆಗೆದು ಇಂಟರ್ನೆಟ್ಟಿನಲ್ಲಿ ಎಲ್ಲಿಗೋ ಹಾಕಿದಳು. ಅಡುಗೆ ನೋಡಿದವರಿಗಿಂತ ಅತ್ತೆಯವರ ಹುಬ್ಬಳ್ಳಿ ಮಾತು ಕೇಳಿದವರೇ ಹೆಚ್ಚು. ಪ್ರತಿ ವಿಡಿಯೋದ ಕೊನೆಗೆ ಅವರು ಕ್ಯಾಮೆರಾ ನೋಡಿ, "ಉಂಡ್ರಿಲ್ಲೋ?" ಎನ್ನುತ್ತಾರೆ. ಅಷ್ಟೇ ಸಾಕು. "ಆಯ್ತು ಅಜ್ಜಿ, ಚಿತ್ರಾನ್ನ," "ಇನ್ನೂ ಇಲ್ಲ ಅಜ್ಜಿ, ಶಿಫ್ಟಲ್ಲಿದ್ದೀನಿ" ಎಂದು ಗುರುತಿಲ್ಲದ ಮಕ್ಕಳೆಲ್ಲ ಉತ್ತರ ಬರೆಯುತ್ತಾರೆ. ಅತ್ತೆ ಅದನ್ನೆಲ್ಲ ಅನಘಾಳಿಂದ ಓದಿಸಿಕೊಂಡು, ಉಣ್ಣದವರ ಬಗ್ಗೆ ನನ್ನ ಹತ್ತಿರ ಚಿಂತೆ ಮಾಡುತ್ತಾರೆ.

ಆದರೆ ಮನೆಯವರಿಗಷ್ಟೇ ಗೊತ್ತಿದ್ದ ಒಂದು ವಿಷಯವಿದೆ. ಅತ್ತೆಯವರ ಕೈ ಎರಡು ವರ್ಷದಿಂದ ನಡುಗುತ್ತದೆ. ಕಾಫಿ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯಬೇಕು. ಹಾಗಾಗಿ ವಿಡಿಯೋದಲ್ಲಿ ಮಾತು, ಮುಖ ಅವರದು. ಲಟ್ಟಿಸುವ, ಒಗ್ಗರಣೆ ಹಾಕುವ ಕೈ ನನ್ನದು. ಅನುಮಾನ ಬರಬಾರದೆಂದು ಅವರ ಹಸಿರು ಬಳೆಗಳನ್ನು ಸೋಪು ಹಚ್ಚಿ ಬಿಚ್ಚಿ ನಾನು ತೊಡುತ್ತೇನೆ. ಸಿನಿಮಾದಲ್ಲಿ ನಾಯಕನ ಬದಲು ಮಹಡಿಯಿಂದ ಹಾರುವವನಿಗೆ ಡ್ಯೂಪು ಎನ್ನುತ್ತಾರಲ್ಲ, ನಾನು ಹಾಗೆ. "ಅಮ್ಮಾ, ಯುವರ್ ಹೆಡ್ ಈಸ್ ಇನ್ ದ ಶಾಟ್," ಎಂದು ಮಗಳು ನನ್ನ ತಲೆಯನ್ನು ಆಚೆ ತಳ್ಳುತ್ತಾಳೆ.

ಇದರಿಂದ ನನಗೆ ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಇಂಡಿಯನ್ ಅಂಗಡಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಅತ್ತೆಯವರನ್ನು ತಬ್ಬಿಕೊಂಡು, "ಅಜ್ಜೀ, ವಿಡಿಯೋದಲ್ಲಿ ನಿಮ್ಮ ಕೈ ನೋಡಿದ್ರೆ ನಮ್ಮಮ್ಮನ ಕೈನೇ ನೋಡ್ದಂಗಾಗುತ್ತೆ," ಎಂದು ಕಣ್ಣೊರೆಸಿಕೊಂಡಳು. ಆ ಕೈಗಳು ಪಕ್ಕದಲ್ಲೇ ಫ್ರೋಜನ್ ತೆಂಗಿನತುರಿ ಹಿಡಿದು ಮರಗಟ್ಟುತ್ತಿದ್ದವು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಸಿನಿಮಾದಲ್ಲಿ ಡ್ಯೂಪಿನ ಹೆಸರೂ ಹಾಕ್ತಾರೆ ಕಣೆ," ಎಂದರು. "ಕೊನೇಲಿ. ಜನ ಎದ್ದು ಕಾರ್ ಪಾರ್ಕಿಂಗಿಗೆ ಹೋಗ್ತಿರುವಾಗ," ಎಂದೆ ನಾನು.

ಹೀಗಿರುವಾಗ ಇಲ್ಲಿನ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮಕ್ಕೆ ಕರೆ ಬಂತು. ವೇದಿಕೆಯ ಮೇಲೆ ಅಜ್ಜಿಯ ಕೈಯಿಂದಲೇ ಹೋಳಿಗೆ, ಎಲ್ಲರ ಎದುರಿಗೇ. ಮಗಳು ಖುಷಿಯಿಂದ ಒಪ್ಪಿಬಿಟ್ಟಿದ್ದಳು. ಅತ್ತೆ ಅಂದು ಸಂಜೆ ನನ್ನನ್ನು ಕೋಣೆಗೆ ಕರೆದರು. "ಸುಮಾ, ಜನ ಮೋಸ ಅಂದ್ರ ಅನ್ಲಿ, ಕೇಳ್ತೀನಿ. ನನ್ನ ಕೈ ನಡಗೂದು ನೋಡಿ 'ಅಯ್ಯೋ ಪಾಪ' ಅಂದ್ರ ಮಾತ್ರ ನನಗ ತಡಕೊಳ್ಳಾಕ ಆಗಂಗಿಲ್ಲವಾ." ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನೀವು ಮೈಕಲ್ಲಿ ಮಾತಾಡಿ ಅತ್ತೆ, ನಾನು ಪಕ್ಕದಲ್ಲಿ ನಿಂತು ಲಟ್ಟಿಸ್ತೀನಿ. ವಯಸ್ಸಾದೋರಿಗೆ ಸೊಸೆ ಸಹಾಯ ಮಾಡ್ತಿದ್ದಾಳೆ ಅಂದ್ಕೋತಾರೆ," ಎಂದೆ.

ಈ ಭಾನುವಾರ ವೇದಿಕೆಯ ಮೇಲೆ ಮೊದಲ ಹತ್ತು ನಿಮಿಷ ಹಾಗೆಯೇ ನಡೆಯಿತು. ಅತ್ತೆ ಮಾತಾಡಿದರು, ಜನ ನಕ್ಕರು, ನಾನು ಎಲೆಕ್ಟ್ರಿಕ್ ಕಾವಲಿಯ ಮೇಲೆ ಹೋಳಿಗೆ ಹಾಕಿದೆ. ಆಮೇಲೆ ನಿರೂಪಕರಿಗೆ, ನಿವೃತ್ತ ಡಾಕ್ಟರೊಬ್ಬರಿಗೆ, ಉತ್ಸಾಹ ಬಂತು. "ಸೊಸೆಯವರು ಸ್ವಲ್ಪ ರೆಸ್ಟ್ ತಗೊಳ್ಳಿ. ಅಜ್ಜಿ ಒಂದೇ ಒಂದು ಮಾಡ್ಲಿ. ಕ್ಯಾಮೆರಾ, ಕ್ಲೋಸಪ್ಪು ಹಾಕಪ್ಪ," ಎಂದರು.

ಅತ್ತೆ ನನ್ನ ಕಡೆ ನೋಡಿದರು. ನಾನು ಏನು ನೆಪ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರು ಹೂರಣದ ಉಂಡೆಯನ್ನು ಎತ್ತಿಯೇಬಿಟ್ಟರು. ಹಿಂದಿನ ದೊಡ್ಡ ಪರದೆಯ ಮೇಲೆ ಹಸಿರು ಬಳೆಯ ಕೈ ನಡುಗಿತು.

"ನೋಡಿದ್ರಿಲ್ಲೋ?" ಎಂದರು ಅತ್ತೆ ಮೈಕಿನಲ್ಲಿ. "ಇದು ನನ್ನ ಕೈ ರೀ. ವಿಡಿಯೋದಾಗ ನೀವು ನೋಡೋದು ಈಕಿ ಕೈ." ನನ್ನ ಕೈ ಹಿಡಿದು ಮೇಲಕ್ಕೆತ್ತಿದರು. "ಮಾತು ನಂದು, ಕೈ ನಮ್ಮ ಸೊಸೀದು. ಇಬ್ರೂ ಸೇರಿದ್ರ ಒಬ್ಬಾಕಿ ಅಜ್ಜಿ ಆಗ್ತಾಳ. ಡಾಕ್ಟ್ರ, ಕ್ಲೋಸಪ್ ಸಾಕೇನ್ರಿ?"

ಯಾರೂ ಪಾಪ ಎನ್ನಲಿಲ್ಲ. ಚಪ್ಪಾಳೆ ಬಿತ್ತು, ಡಾಕ್ಟರು ತಲೆ ತಗ್ಗಿಸಿ ಕೈಮುಗಿದರು, ಸಭಾಂಗಣದ ಮೊಬೈಲುಗಳೆಲ್ಲ ನನ್ನ ಕಡೆ ತಿರುಗಿದವು. ಇಷ್ಟು ದಿನ ಮನಸ್ಸಿನಲ್ಲೇ ಯಾವುದಕ್ಕಾಗಿ ಕೊರಗುತ್ತಿದ್ದೆನೋ ಆ ಮನ್ನಣೆ ನನಗೆ ಒಂದೇ ಕ್ಷಣದಲ್ಲಿ ಸಿಕ್ಕಿತು. ಸಿಕ್ಕಿದ್ದೇ ತಡ, ನನ್ನ ಕೈ ಅತ್ತೆಯವರದಕ್ಕಿಂತ ಜೋರಾಗಿ ನಡುಗತೊಡಗಿತು. ಹೋಳಿಗೆ ಹರಿಯಿತು. ಇನ್ನೊಂದು ಲಟ್ಟಿಸಿದೆ, ಅದೂ ಹರಿಯಿತು. ಹೂರಣ ಕಾವಲಿಗೆ ಹತ್ತಿ ಹೊಗೆ ಎದ್ದಿತು. ಅತ್ತೆ ಒಂದು ಕ್ಷಣವೂ ಬಿಡದೆ, "ಹರದದ್ದು ಚಲೋ ಆತು, ತುಪ್ಪ ಒಳಗ ಇಳೀತದ. ನಮ್ಮ ಮನ್ಯಾಗ ಅಳಿಯ ಬಂದ್ರ ಬೇಕಂತನ ಹರೀತೀವಿ," ಎಂದು ನಗಿಸಿ ನನ್ನನ್ನು ಕಾಪಾಡಿದರು. ಅಂಥ ಪದ್ಧತಿ ಅವರ ಮನೆಯಲ್ಲಿಲ್ಲ, ಅಳಿಯಂದಿರೂ ಇಲ್ಲ. ಬರೀ ಮಾತಾಡುವುದರಲ್ಲಿ ಏನು ಕಷ್ಟ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೆ. ಮುನ್ನೂರು ಜನರ ಕಣ್ಣನ್ನು ಹೊತ್ತುಕೊಂಡು ನಿಲ್ಲುವುದೂ ಒಂದು ಕೆಲಸ ಎಂದು ಆಗ ತಿಳಿಯಿತು.

ಇಳಿದ ಮೇಲೆ ಫೋಟೋಗಳಾದವು. ಅತ್ತೆಯವರ ಸುತ್ತ ಗುಂಪು. ಒಬ್ಬಳು ಹುಡುಗಿ ನನ್ನ ಕಡೆಗೂ ಬಂದಳು. ಸೆರಗು ಸರಿಮಾಡಿ, ಮುಗುಳ್ನಗೆ ತಂದುಕೊಂಡು ನಿಂತೆ. "ಆಂಟಿ, ಸ್ವಲ್ಪ ಕೈ ಮಾತ್ರ ಮುಂದೆ ಹಿಡೀತೀರಾ?" ಎಂದಳು.

ಮನೆಗೆ ಬಂದಾಗ ಎಲ್ಲರಿಗೂ ಹಸಿವು. ಬೆಳಗಿನ ಕಟ್ಟಿನ ಸಾರು, ಬಿಸಿ ಅನ್ನ, ಹಪ್ಪಳ, ಆಮೇಲೆ ಹರಿದ ಹೋಳಿಗೆಗಳಿಗೆ ತುಪ್ಪ ಸುರಿದು ತಿಂದೆವು. ಅತ್ತೆ ಎರಡು ತಿಂದರು, ಯಜಮಾನರು ಲೆಕ್ಕ ಕೊಡಲಿಲ್ಲ. ಮೊದಲು ನಿದ್ದೆ ಹೋದವರು ಅತ್ತೆ; ದೀಪ ಆರಿಸುವ ಮೊದಲೇ ಗೊರಕೆ. ಆಮೇಲೆ ಯಜಮಾನರು. ನನಗೆ ತಕ್ಷಣ ಮಲಗಲಾಗಲಿಲ್ಲ. ಯಾವತ್ತೂ ಇಲ್ಲದವಳು ಕೈಗಳಿಗೆ ಕ್ರೀಮು ಹಚ್ಚಿಕೊಂಡಿದ್ದೆ, ಹೊದಿಕೆಗೆ ಅಂಟೀತೆಂದು ಎರಡನ್ನೂ ಎತ್ತಿ ಹಿಡಿದು ಕೂತಿದ್ದೆ.