ಮುಂದೆ ಕಲ್ಲು, ಹಿಂದೆ ಜೋಳ

ನಮ್ಮ ಭಾವನವರ ಹತ್ತಿರ ಸೈಕಲ್ ಇತ್ತು, ಆದರೆ ಅವರು ಸೈಕಲ್ ಹೊಡೆಯುತ್ತಿರಲಿಲ್ಲ. ಎತ್ತನ್ನು ನಡೆಸಿಕೊಂಡು ಹೋದ ಹಾಗೆ ಅದನ್ನು ನಡೆಸಿಕೊಂಡು ಹೋಗುತ್ತಿದ್ದರು. ಊರ ಸಾಮಾನನ್ನೆಲ್ಲ ಹೊತ್ತು, ಒಡೆಯನನ್ನು ಮಾತ್ರ ಹೊರದೆ ಮುದಿಯಾದ ಸೈಕಲ್ ಇಡೀ ಹೈದರಾಬಾದಿನಲ್ಲಿ ಅದೊಂದೇ ಇದ್ದೀತು! ಯಾಕೆ ಅಂತೀರಾ? ಅವರು ಕೂಡಲು ಅದರ ಮೇಲೆ ಜಾಗ ಎಲ್ಲಿತ್ತು?

ಭಾವನವರು ಎಂದರೆ ನನ್ನ ಗಂಡನ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾರಾಯಣಗೂಡದ ನಮ್ಮ ಬಾಡಿಗೆ ಮನೆಯಲ್ಲಿ ನಮ್ಮ ಜೊತೆಗೇ ಇದ್ದರು. ಭಾವ ಎದುರಿಗೆ ಬಂದರೆ ತಲೆ ಮೇಲೆ ಸೆರಗು ಹೊದೆಯಬೇಕು, ಎತ್ತರದ ದನಿಯಲ್ಲಿ ಮಾತಾಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಸೆರಗನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯದು ನನ್ನ ಕೈಲಾಗಲಿಲ್ಲ. ಸೆರಗು ಹೊದ್ದುಕೊಂಡೇ ಜಗಳವಾಡಿದ್ದೇನೆ.

ಆ ಸೈಕಲ್ಲಿಗೆ ಹಿಂದೊಂದು, ಮುಂದೊಂದು ಕ್ಯಾರಿಯರ್. ಅಂಗಡಿಯಲ್ಲಿ ಸಿಗುವಂಥವಲ್ಲ, ವೆಲ್ಡಿಂಗ್ ಮಾಡುವವನ ಎದುರಿಗೆ ಮೂರು ದಿನ ಕೂತು ಮಾಡಿಸಿದವು. ಹಿಂದಿನದರ ಮೇಲೆ ಒಬ್ಬ ಮನುಷ್ಯ ಕಾಲು ಮಡಚಿ ಮಲಗಬಹುದಿತ್ತು. ಆದರೆ ಮನುಷ್ಯರನ್ನು ಅವರು ಹತ್ತಿಸುತ್ತಿರಲಿಲ್ಲ. ನನ್ನ ಗಂಡನಿಗೆ ಕಾಲು ಉಳುಕಿದ್ದಾಗಲೂ ಇಲ್ಲ.

“ಮನಷ್ಯಾ ಅಳ್ಳಾಡತಾನ. ಜೋಳದ ಚೀಲ ಅಳ್ಳಾಡೂದಿಲ್ಲ. ನೀ ರಿಕ್ಷಾದಾಗ ಹೋಗಪ್ಪಾ” ಎಂದು ತಮ್ಮನನ್ನು ಕುಂಟಿಸಿಕೊಂಡೇ ಕಳಿಸಿದ ಪುಣ್ಯಾತ್ಮರು!

ಅವರದೊಂದು ಶಾಸ್ತ್ರವಿತ್ತು. ಹಿಂದೆ ಎಷ್ಟು ಭಾರವೋ ಮುಂದೆಯೂ ಅಷ್ಟೇ ಇರಬೇಕು. ಬೇಗಂ ಬಜಾರಿನಿಂದ ಹಿಂದೆ ಅರ್ಧ ಚೀಲ ಜೋಳ ಹೇರಿಕೊಂಡು ಬಂದರೆ ಮುಂದೆ ಅಷ್ಟೇ ತೂಕದ ಕಲ್ಲು. ಇದಕ್ಕೆಂದೇ ನಮ್ಮ ಅಂಗಳದಲ್ಲಿ ದೊಡ್ಡದು, ನಡುವಿನದು, ಸಣ್ಣದು ಎಂದು ಏಳೆಂಟು ಕಲ್ಲು ಸಾಲಾಗಿ ಕೂತಿದ್ದವು. ಹೊಸದಾಗಿ ಬಂದವರು ನಾಗರ ಕಲ್ಲೆಂದು ತಿಳಿದು ಕೈ ಮುಗಿದದ್ದೂ ಉಂಟು. ಕಲ್ಲು ಹೊತ್ತುಕೊಂಡು ಹೋಗುವುದು, ಕಲ್ಲು ಹೊತ್ತುಕೊಂಡು ಬರುವುದು! ನನಗೆ ತಡೆಯಲಾಗಲಿಲ್ಲ.

“ಆ ಜೋಳಾನ ಎರಡು ಗಂಟು ಮಾಡಿ ಮುಂದೊಂದು ಹಿಂದೊಂದು ಹಾಕಿದ್ರ ಆಗೂದಿಲ್ಲೇನ್ರಿ? ಕಲ್ಲಿನ ಕೆಲಸಾ ಏನೈತಿ?”

ಅವರು ಸಿಟ್ಟಾಗಲಿಲ್ಲ. ನಿಂತು ವಿಚಾರ ಮಾಡಿದರು.

“ಒಂದ ಚೀಲ ಬಿಚ್ಚಿ ಎರಡು ಮಾಡಿದ್ರ ಅದು ಪಾಲು ಆಗತೈತವ್ವಾ. ನಾವು ಅಣ್ಣತಮ್ಮರು ಕೂಡಿ ಇರೂ ಮನಿಗೆ ಪಾಲು ಮಾಡಿದ ಜೋಳ ಬ್ಯಾಡ.”

ನಾಲ್ಕು ರಸ್ತೆ ಕೂಡುವಲ್ಲಿ ಪೊಲೀಸಿನವನೂ ಒಮ್ಮೆ ನಿಲ್ಲಿಸಿ, “ಕ್ಯಾ ಚಾಚಾ, ಜವಾರ್ ಬೇಚ್ತೇ ಯಾ ಪತ್ಥರ್?” ಎಂದು ಕೇಳಿದನಂತೆ, ಜೋಳ ಮಾರುತ್ತೀಯೋ ಕಲ್ಲು ಮಾರುತ್ತೀಯೋ ಎಂದು. ಇವರು “ದೋನೋ ಬರಾಬರ್ ಹೈ ಸಾಬ್” ಎಂದರಂತೆ, ಎರಡೂ ಸಮಸಮ ಎಂದು. ಪೊಲೀಸಿನವನು ಸಲಾಮು ಹೊಡೆದು ದಾರಿ ಬಿಟ್ಟ.

ಕಾಚಿಗೂಡ ಸ್ಟೇಷನ್ನಿಗೆ ನಮ್ಮ ಕಡೆಯವರು ಯಾರೇ ಬಂದು ಇಳಿಯಲಿ, ಹೊರಗೆ ಈ ಸೈಕಲ್ ನಿಂತಿರುತ್ತಿತ್ತು. ಬಂದವರು ರಿಕ್ಷಾದಲ್ಲಿ, ಅವರ ಟ್ರಂಕು ಹಾಸಿಗೆ ಇವರ ಕ್ಯಾರಿಯರಿನಲ್ಲಿ. ಒಂದು ಮದುವೆ ಮನೆಗೆ ಆಳೆತ್ತರದ ಕನ್ನಡಿಯನ್ನು ನಿಲ್ಲಿಸಿ ಕಟ್ಟಿಕೊಂಡು ಹೊರಟರು. ದಾರಿಯಲ್ಲಿ ಒಂದು ಎಮ್ಮೆ ಅದರಲ್ಲಿ ತನ್ನ ಮುಖ ನೋಡಿತು. ಅಕ್ಕನೋ ತಂಗಿಯೋ ಸಿಕ್ಕಳೆಂದುಕೊಂಡಿತೋ ಏನೋ, ಬೆನ್ನು ಹತ್ತಿತು. ಎಮ್ಮೆಯ ಹಿಂದೆ ಹಾಲಿನವನು. ಮುಂದೆ ಕಲ್ಲು, ನಡುವೆ ಭಾವನವರು, ಹಿಂದೆ ಕನ್ನಡಿ, ಅದರ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ “ಮೇರಾ ಭೈಂಸ್, ಮೇರಾ ಭೈಂಸ್” ಎಂಬ ಕೂಗು! ಮದುವೆ ಮನೆಯವರು ಇದೇ ಬೀಗರ ಮೆರವಣಿಗೆ ಎಂದು ತಿಳಿದು ವಾಲಗದವರನ್ನು ಎಬ್ಬಿಸಿದರಂತೆ.

ನಕ್ಕಿರಾ? ನಾನೂ ನಗುತ್ತಿದ್ದೆ. ನನ್ನ ಮಗಳ ಮದುವೆಯವರೆಗೆ.

ಬೀಗರು ಬೇಗಂಪೇಟೆಯವರು. ದೊಡ್ಡ ನೌಕರಿ, ಗೇಟಿರುವ ಮನೆ, ಗೇಟಿಗೆ ಬಣ್ಣ. ನಮ್ಮಂಥವರ ಮನೆಯ ಹೆಣ್ಣನ್ನು ಅವರು ಮೆಚ್ಚಿದ್ದೇ ನಮಗೆ ದೊಡ್ಡದು. ಮದುವೆಯ ಎರಡು ದಿನವೂ ಭಾವನವರು ಮಂಟಪದ ಹತ್ತಿರ ಸುಳಿಯಲಿಲ್ಲ. ಬಾಳೆಎಲೆ, ಪಾತ್ರೆ, ಸಕ್ಕರೆ ಎಂದು ಬಜಾರಿಗೂ ಅಡುಗೆಯವರ ಪೆಂಡಾಲಿಗೂ ತಿರುಗಿದ್ದೇ ತಿರುಗಿದ್ದು. ಅಂಗಿ ಬೆವರಿನಲ್ಲಿ ತೋಯ್ದು ಬೆನ್ನಿಗಂಟಿತ್ತು, ಹೆಗಲ ಮೇಲೊಂದು ವಸ್ತ್ರ. ತಾಮ್ರದ ಹಂಡೆಯನ್ನು ಸೈಕಲ್ಲಿನಿಂದ ಇಳಿಸುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಬೀಗತಿ, ಎಂದರೆ ಅಳಿಯನ ತಾಯಿ, ನೋಡಿ ಹೇಳಿದಳು:

“ನಿಮ್ಮ ಮನಿ ಆಳು ಭಾಳ ಚಲೋ ಅದಾನ್ರೀ. ಮುಂಜಾನಿಂದ ನೋಡಾಕತ್ತೀನಿ, ಒಂದ ಘಳಿಗಿ ಕುಂತಿಲ್ಲ.”

ಆಳಲ್ಲ, ನನ್ನ ಭಾವ ಎನ್ನಬೇಕಿತ್ತು. ಎಷ್ಟು ಹೊತ್ತಿನ ಮಾತು? ಆದರೆ ಆ ವಸ್ತ್ರ, ಆ ಬೆವರು, ಮುಂದಿನ ಕ್ಯಾರಿಯರಿನಲ್ಲಿ ಆ ಕಲ್ಲು! ನನ್ನ ನಾಲಿಗೆ ಯಾರಿಗೂ ಅಂಜಿದ್ದಲ್ಲ, ಅವತ್ತು ಅಂಜಿತು.

“ಹೌದ್ರಿ, ಭಾಳ ನಂಬಿಗಸ್ತ” ಅಂದೆ.

ಹಂಡೆ ಹಿಡಿದು ನಿಂತಿದ್ದವರು ನಮ್ಮಿಂದ ಮೂರು ಹೆಜ್ಜೆ ದೂರ. ಕೇಳಿಸಿತೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದೆ. ಅವರು ತಲೆ ತಗ್ಗಿಸಿಕೊಂಡೇ, “ಇದನ್ನ ಎಲ್ಲಿ ಇಡ್ಲಿ ಅವ್ವಾರ?” ಎಂದು ಕೇಳಿದರು. ಆಳುಗಳು ಕೇಳುವ ಹಾಗೆಯೇ.

ನಾನು ಒಲೆಯ ಕಡೆ ಕೈ ತೋರಿಸಿದೆ.

ನಾನು ಹೇಳಿದ ಸುಳ್ಳನ್ನು ಅವರು ಹೀಗೆ ಹೊತ್ತುಕೊಂಡು ಒಳಗೆ ಹೋದರು. ಆ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ.

ಮಗಳು ಬಸಿರಾದಳು. ಬಸಿರಾದ ಮಗಳಿಗೆ ತವರಿನಿಂದ ಬುತ್ತಿ ಹೋಗಬೇಕು: ರೊಟ್ಟಿ, ಶೇಂಗಾ ಹೋಳಿಗೆ, ಉಂಡಿ, ನಾಲ್ಕು ಥರದ ಚಟ್ನಿಪುಡಿ, ಗಡಿಗೆ ತುಂಬ ಮೊಸರು, ಬುಟ್ಟಿಗಟ್ಟಲೆ. ಬುತ್ತಿ ಹೊತ್ತು ತಂದವರಿಗೆ ಮೊದಲ ಎಲೆ ಹಾಕುವುದು ನಮ್ಮಲ್ಲಿಯ ರೂಢಿ. ಭಾವನವರಿಗೆ ಆ ತಿಂಗಳೆಲ್ಲ ಅದೇ ಕೆಲಸ. ಮುಂದಿನ ಕ್ಯಾರಿಯರಿಗೆ ಹಳೆಯ ಕೌದಿ ಮಡಚಿ ಹೊಲಿದು ಮೆತ್ತೆ ಮಾಡಿದರು. ಒಂದು ಭಾನುವಾರ ಗಡಿಗೆಯಲ್ಲಿ ನೀರು ತುಂಬಿ, ಹಿಂದೆ ಇಟ್ಟಿಗೆ ಹೇರಿ, ಬೇಗಂಪೇಟೆಯ ಗೇಟಿನ ತನಕ ನಡೆದು ಹೋಗಿ ತಿರುಗಿ ಬಂದರು. ಇಟ್ಟಿಗೆ ಹೊತ್ತು ಬೀಗರ ಮನೆಯ ಹಾದಿ ಅಳೆದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

“ಒಂದ ಹನಿ ಚೆಲ್ಲಿಲ್ಲ ನೋಡವ್ವಾ!” ಎಂದು ಗಡಿಗೆ ತೋರಿಸಿದರು. ಹುಡುಗರ ಹಾಗೆ ಮುಖ ಅರಳಿತ್ತು.

ನಾನು ಸೆರಗು ಸರಿ ಮಾಡಿಕೊಂಡು ಹೇಳಿದೆ: “ಅಲ್ಲಿಗೆ ಸೈಕಲ್ ಬ್ಯಾಡ್ರಿ. ಟ್ಯಾಕ್ಸಿ ಹೇಳೀನಿ.”

“ಟ್ಯಾಕ್ಸಿಯೊಳಗ ಮೊಸರು ತುಳಕತೈತವ್ವಾ.”

“ತುಳಕಲಿ.”

ಅವರು ನನ್ನನ್ನು ನೋಡಿದರು. ಆಮೇಲೆ ಗಡಿಗೆಯ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದರು.

ಟ್ಯಾಕ್ಸಿ ಬಂತು. ಮೊಸರು ತುಳುಕಿತು. ಸೀಟಿನ ಮೇಲೆ, ನನ್ನ ಇಳಕಲ್ ಸೀರೆಯ ಮೇಲೆ, ಡ್ರೈವರನ ಬೆನ್ನಿನ ಮೇಲೆ. ಅವನು “ಯಾ ಅಲ್ಲಾ” ಎನ್ನುತ್ತ ಬೇಗಂಪೇಟೆ ಮುಟ್ಟಿಸಿದ. ಬೀಗರು ರೂಢಿ ಬಿಡುವವರಲ್ಲ, ಬುತ್ತಿ ತಂದವನು ಅವನೇ ಎಂದು ಮೊದಲ ಎಲೆ ಅವನಿಗೇ ಹಾಕಿದರು. ಬೆನ್ನಿಗೆ ಮೊಸರು ಮೆತ್ತಿಕೊಂಡ ಮನುಷ್ಯ ಐದು ಹೋಳಿಗೆ ತಿಂದು, “ಅಮ್ಮಾ, ಅಗಲೀ ಬಾರ್ ಭೀ ಮೇರೆಕೋ ಬುಲಾವ್” ಎಂದ, ಮುಂದಿನ ಸಲವೂ ನನ್ನನ್ನೇ ಕರೆಯಿರಿ ಎಂದು. ಎಲ್ಲರೂ ನಕ್ಕರು.

ಆಗ ಬೀಗತಿ ಕಿಟಕಿಯಿಂದ ಹೊರಗೆ ನೋಡಿ, “ಅಲ್ಲಿ ನಿಮ್ಮ ಆಳು ನಿಂತಾನಲ್ರೀ” ಎಂದಳು.

ರಸ್ತೆಯ ಆ ಕಡೆ ಬೇವಿನ ಗಿಡದ ಕೆಳಗೆ ಭಾವನವರು. ನನಗಿಂತ ಮೊದಲೇ ಹೊರಟು ಬಂದಿದ್ದರು. ಅವತ್ತು ಸೈಕಲ್ ಹೊಡೆದುಕೊಂಡೇ ಬಂದಿರಬೇಕು, ಎರಡೂ ಕ್ಯಾರಿಯರ್ ಖಾಲಿ. ಟ್ಯಾಕ್ಸಿ ದಾರಿಯಲ್ಲಿ ಕೆಟ್ಟು ನಿಂತರೆ ಬುತ್ತಿ ನಿಲ್ಲಬಾರದಲ್ಲ! ಬುಟ್ಟಿಗಳು ಒಂದೊಂದಾಗಿ ಒಳಗೆ ಹೋಗುವುದನ್ನು ಅಲ್ಲಿಂದಲೇ ನೋಡಿಕೊಂಡು ನಿಂತಿದ್ದರು.

“ಕರೀರಿ, ಪಾಪ, ಅವಗೂ ಒಂದು ಎಲಿ ಹಾಕೋಣು” ಎಂದಳು ಬೀಗತಿ. ಆಕೆ ಕೆಟ್ಟವಳಲ್ಲ. ಆ ಮನೆಯಲ್ಲಿ ಅವತ್ತು ಕೆಟ್ಟವಳು ನಾನೇ. ಒಳಗೆ ಕರೆದರೆ ನನ್ನ ಮಗಳು “ದೊಡ್ಡಪ್ಪಾ” ಎಂದು ಓಡಿ ಬಂದು ಕಾಲಿಗೆ ಬೀಳುತ್ತಾಳೆ. ನನ್ನ ಸುಳ್ಳು ನಡುಮನೆಯಲ್ಲಿ ಬಿಚ್ಚಿ ಬೀಳುತ್ತದೆ.

“ಬ್ಯಾಡ್ರಿ. ಮನ್ಯಾಗ ಕೆಲಸ ಐತಿ, ಹೋಗ್ಲಿ” ಅಂದೆ.

ಮತ್ತೆ ನೋಡಿದಾಗ ಗಿಡದ ಕೆಳಗೆ ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದೆ. ಅವರು ಜಗಲಿಯ ಮೇಲೆ ಕೂತಿದ್ದರು. “ಎಲ್ಲಾ ಸರಿಯಾಗಿ ಮುಟ್ಟಿತೇನವ್ವಾ?” ಎಂದು ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು. “ಮುಟ್ಟಿತ್ರಿ” ಎಂದು ಏನೂ ನೋಡದವಳ ಹಾಗೆ ನಾನು ಹೇಳಿದೆ. “ಆ ಡ್ರೈವರ್ ಗಡಿಗಿ ವಾರೆ ಹಿಡದಿದ್ದ” ಎಂದರು. ಎಂದವರೇ ತಡವರಿಸಿ ಎದ್ದು ಒಳಗೆ ಹೋದರು. ಮಧ್ಯಾಹ್ನ ಏನಾದರೂ ಉಂಡಿರಾ ಎಂದು ನಾನು ಕೇಳಲಿಲ್ಲ.

ಸುಳ್ಳಿಗೆ ಆಯುಷ್ಯ ಎಷ್ಟು? ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ತೊಟ್ಟಿಲು ಹಾಕುವ ದಿನ ಬೀಗರು ನಾರಾಯಣಗೂಡಕ್ಕೆ ಬಂದರು. ಭಾವನವರು ಬೆಳಗ್ಗೆಯೇ, “ನಾ ಹೊರಗ ಹೋಗಿರ್ತೀನವ್ವಾ, ಕೆಲಸ ಐತಿ” ಎಂದು ಹೊರಟುಬಿಟ್ಟಿದ್ದರು. ನಾನು ತಡೆಯಲಿಲ್ಲ. ಆದರೆ ಮಗಳು ಹಟ ಹಿಡಿದಳು. “ದೊಡ್ಡಪ್ಪ ಬರೂತನಾ ಕೂಸಿಗೆ ಹೆಸರಿಡೂದಿಲ್ಲ!” ನನ್ನ ಗಂಡ ಹೋಗಿ ಓಣಿಯ ತುದಿಯ ಇರಾನಿ ಹೋಟೆಲಿನಿಂದ ಅಣ್ಣನನ್ನು ಹಿಡಿದು ತಂದರು. ಮಗಳು ಕೂಸನ್ನು ಅವರ ತೊಡೆಯ ಮೇಲಿಟ್ಟಳು.

“ಆಳಿನ ತೊಡಿ ಮ್ಯಾಲ ಕೂಸ್ಯಾಕವ್ವಾ?” ಎಂದಳು ಬೀಗತಿ.

“ಯಾವ ಆಳು ಅತ್ತೀ? ಇವರು ನಮ್ಮ ದೊಡ್ಡಪ್ಪರೀ, ಅಪ್ಪನ ಖಾಸಾ ಅಣ್ಣ!”

ಬೀಗತಿ ನನ್ನ ಮುಖ ನೋಡಿದಳು. ನನ್ನ ಗಂಡನೂ ನೋಡಿದರು. “ಅಲ್ರೀ, ನೀವಽ ಹೇಳಿದ್ರಲ್ಲಾ...” ಎಂದು ಆಕೆ ಬಾಯಿ ತೆರೆದಳೋ ಇಲ್ಲವೋ, ಭಾವನವರು ಜೋರಾಗಿ ನಕ್ಕರು.

“ತಪ್ಪು ನಂದಽರೀ ತಂಗೀ! ನನ್ನ ಸೈಕಲ್ಲಿನ ಜೋಡಿ ನೋಡಿದವರು ಎಲ್ಲಾರೂ ಹಂಗಽ ತಿಳೀತಾರ. ಮೊನ್ನೆ ನಮ್ಮ ಸಾಹೇಬರ ಹೆಂಡತಿ ನಾಕಾಣೆ ಕೈಯಾಗ ಇಟ್ಟು ಹೋದ್ಲು. ನಾನೂ ಬಿಡಲಿಲ್ಲ, ಚಾ ಕುಡದೆ!”

ಎಲ್ಲರೂ ನಕ್ಕರು. ಬೀಗತಿ ಕೈ ಮುಗಿದಳು. ನಾನು ಪಾಯಸ ಹೊತ್ತೀತು ಎಂದು ಅಡುಗೆಮನೆಗೆ ಹೋದೆ. ಪಾಯಸ ಇನ್ನೂ ಒಲೆಗೇ ಏರಿರಲಿಲ್ಲ.

ಐದು ತಿಂಗಳಿಗೆ ಮಗಳು ಗಂಡನ ಮನೆಗೆ ಹೊರಟಳು. ತೊಟ್ಟಿಲೂ ಹೋಗಬೇಕು. ಕರೆಯಲು ಬಂದಿದ್ದ ಬೀಗತಿ, “ಅಣ್ಣಾರ, ತೊಟ್ಟಿಲು ನಿಮ್ಮ ಸೈಕಲ್ ಮ್ಯಾಲನ ಬರ್ಲಿ” ಎಂದಳು, ಮನಸ್ಸಿನಿಂದಲೇ. ಭಾವನವರು ನನ್ನ ಕಡೆ ತಿರುಗಿದರು.

“ಆಟೋ ತರಸ್ಲೇನವ್ವಾ?”

ಸಿಟ್ಟಿನಿಂದ ಕೇಳಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಚುಚ್ಚಿ ಕೇಳಿದ್ದರೂ ನನಗೆ ಚುಚ್ಚಲು ಬರುತ್ತಿತ್ತು. ಅದರಲ್ಲಿ ಎರಡೂ ಇರಲಿಲ್ಲ. ನಾನು ಹೂಂ ಅಂದೆ. ಹೋಗಿ ಆಟೋ ತಂದರು. ತೊಟ್ಟಿಲನ್ನು ತಾವೇ ಎತ್ತಿ ಇಟ್ಟು, ಹಗ್ಗ ಬಿಗಿದು, ಗಂಟನ್ನು ಎರಡು ಸಲ ಎಳೆದು ನೋಡಿದರು.

ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಓಣಿಯವರ ಸಾಮಾನು, ಕಚೇರಿಯವರ ಸಾಮಾನು, ಗುರುತಿಲ್ಲದವರ ಸಾಮಾನು ಎಲ್ಲ ಆ ಸೈಕಲ್ಲಿನ ಮೇಲೆಯೇ ಹೋಯಿತು. ನಾನು ಹೇಳಿದ ಸಾಮಾನಿಗೆ ಮಾತ್ರ, ಅದು ಐದು ಸೇರು ಅಕ್ಕಿಯಿರಲಿ, ಒಂದು ಕುಂಬಳಕಾಯಿಯಿರಲಿ, “ಆಟೋ ತರಸ್ಲೇನವ್ವಾ?” ಎಂದು ಕೇಳುತ್ತಿದ್ದರು. ಒಂದು ಸಲ, “ಬ್ಯಾಡ್ರಿ, ನಿಮ್ಮ ಸೈಕಲ್ ಮ್ಯಾಲ ತರ್ರಿ” ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇಷ್ಟು ದೊಡ್ಡ ಬಾಯಿ ನನ್ನದು, ಅಷ್ಟು ಸಣ್ಣ ಮಾತು ಅದರಿಂದ ಬರಲಿಲ್ಲ.

ನನಗೆ ಅದು ಬರಿಯ ಪ್ರಶ್ನೆ ಎಂದೇ ಅನಿಸುತ್ತಿತ್ತು. ಈಗ ನೆನಪು ಮಾಡಿಕೊಂಡರೆ ಇನ್ನೊಂದು ಕಾಣುತ್ತದೆ. ಆಟೋ ತರಸ್ಲೇನವ್ವಾ ಎಂದು ನನ್ನನ್ನು ಕೇಳುವಾಗೆಲ್ಲ ಅವರ ಒಂದು ಕೈ ಸೈಕಲ್ಲಿನ ಹ್ಯಾಂಡಲ್ ಮೇಲೆ ಇರುತ್ತಿತ್ತು.