ಓದದೆ ಬಿಟ್ಟ ಏಳು ಸಾಲು

ಉನ್ನತ ಗಣಿತದ ಗ್ರಂಥವೊಂದನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದೇನೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಓದಿದ್ದು ನಿಜ. ಅದೂ ಬಾಯಿಬಿಟ್ಟು, ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ. ಅರ್ಥವಾಯಿತೇ ಎಂದು ಮಾತ್ರ ಕೇಳಬಾರದು. ಓದುವುದಕ್ಕೂ ಅರ್ಥವಾಗುವುದಕ್ಕೂ ಅಂಥ ನಂಟೇನೂ ಇರಬೇಕಾಗಿಲ್ಲ ಎಂಬುದನ್ನು ನನ್ನ ತರಗತಿಯ ಮಕ್ಕಳು ದಿನವೂ ತೋರಿಸಿಕೊಡುತ್ತಿದ್ದರು.

ಐವತ್ತರ ದಶಕದ ನಡುವಿನ ಮಾತು. ನಾನು ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಇಂಟರ್‌ಮೀಡಿಯೆಟ್ ಪಾಸು ಮಾಡಿದ್ದೆ. ಆ ಕಾಲಕ್ಕೆ, ಆ ಊರಿಗೆ ಅದು ಸಣ್ಣ ಓದಲ್ಲ. ಭೀಮನಬೀಡಿನ ಕಡೆಯಿಂದ ರೈತರು ಹೊಲದ ಅಳತೆ ಕೇಳಿಕೊಂಡು ನನ್ನಲ್ಲಿಗೇ ಬರುತ್ತಿದ್ದರು. ಬಾಯಲ್ಲೇ ಹೇಳಬಹುದಾದ ಲೆಕ್ಕವನ್ನೂ ನಾನು ಕಾಗದದ ಎರಡೂ ಬದಿ ತುಂಬುವಂತೆ ಬರೆದು ತೋರಿಸುತ್ತಿದ್ದೆ. ಹೀಗೆ ಮೆರೆಯುತ್ತಿದ್ದವನಿಗೆ ಒಂದು ಮದುವೆ ಮನೆಯಲ್ಲಿ ನಂಜುಂಡಪ್ಪನವರ ಪರಿಚಯವಾಯಿತು. ಉಡಿಗಾಲದ ಜಮೀನುದಾರರ ಮನೆತನದವರು. ಮೈಸೂರಿನ ಕಾಲೇಜಿನಲ್ಲಿ ಬಹಳ ವರ್ಷ ಗಣಿತ ಹೇಳಿ, ನಿವೃತ್ತರಾಗಿ ಚಾಮರಾಜನಗರದಲ್ಲಿ ನೆಲೆಸಿದ್ದರು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ಎಲೆಯ ಮುಂದೆ ಪಕ್ಕದಲ್ಲಿ ಕೂತಿದ್ದಕ್ಕೆ ಏನಾದರೂ ಆಡಬೇಕಲ್ಲ ಎಂದು, “ನಿಮ್ಮಂಥವರ ಹತ್ತಿರ ದೊಡ್ಡ ಗಣಿತ ಕಲಿಯಬೇಕು ಅಂತ ಬಹಳ ದಿನದ ಆಸೆ ಸಾರ್” ಎಂದುಬಿಟ್ಟೆ. ಮರ್ಯಾದೆಗೆ ಆಡಿದ ಮಾತು. ಅವರು ಅದನ್ನು ನಿಜವೆಂದೇ ಹಿಡಿದರು.

“ಹಂಗಾರ ಭಾನುವಾರ ಬಂದ್ಬುಡಿ ಮೇಷ್ಟ್ರೆ. ಒಂದು ಪುಸ್ತಕ ಅದ. ತರ್ಸೋ ಹೊತ್ಗ ಕಣ್ಣೇ ಓಯ್ತು. ನೀವು ಓದಿ, ನಾನು ಕೇಳ್ತೀನಿ. ಇಬ್ರೂ ಕಲಿಯನ” ಎಂದರು.

ಹೋದೆ. ತೆರಕಣಾಂಬಿಯ ಮೇಲೆ ಹೋಗುವ ಬೆಳಗಿನ ಬಸ್ಸು, ಸಂಜೆ ನಾಲ್ಕಕ್ಕೆ ವಾಪಸ್ಸು. ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾಗಿ ಮದರಾಸಿನ ಅಂಗಡಿಯ ಮೂಲಕ ಬಂದದ್ದು. ನೀಲಿ ರಟ್ಟು, ಇಟ್ಟಿಗೆಯ ತೂಕ. ಒಳಗೆಲ್ಲ ಅವಿಭಾಜ್ಯ ಸಂಖ್ಯೆಗಳ ವಿಚಾರ. ಕೊನೆಯ ಅಧ್ಯಾಯದಲ್ಲಿ ಲೋಕದ ವಿದ್ವಾಂಸರು ಸದ್ಯಕ್ಕೆ ಯಾವ ಯಾವ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ ಎಂಬ ವಿವರ. ಜಗಲಿಯ ಮೇಲೆ ನಂಜುಂಡಪ್ಪನವರು ಕಂಬಕ್ಕೆ ಒರಗಿ ಕೂರುತ್ತಿದ್ದರು. ಅವರ ಹೆಂಡತಿ ಗೌರಮ್ಮನವರು ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಬಾಗಿಲ ಬಳಿ ಕೂರುತ್ತಿದ್ದರು. ನಾನು ಓದುತ್ತಿದ್ದೆ.

ತೊಂದರೆ ಎಂದರೆ ಗ್ರೀಕ್ ಅಕ್ಷರಗಳು. ಆಲ್ಫಾ, ಬೀಟಾ ನನಗೆ ಗೊತ್ತಿದ್ದವು. ಮುಂದಿನವರ ಪರಿಚಯ ಇರಲಿಲ್ಲ. ಕೇಳಿದರೆ ನನ್ನ ಇಂಟರ್‌ಮೀಡಿಯೆಟ್ಟಿನ ಮಾನ ಹೋಗುತ್ತದಲ್ಲ. ಆಕಾರ ನೋಡಿ ನಾನೇ ಹೆಸರಿಟ್ಟೆ. ಒಂದಕ್ಕೆ ಕುಡುಗೋಲು, ಇನ್ನೊಂದಕ್ಕೆ ಬಿಚ್ಚಿದ ಜಡೆ, ಮತ್ತೊಂದಕ್ಕೆ ತಿರುಗುಮುರುಗು ಮೂರು. “ಕುಡುಗೋಲಿನ ಹೆಗಲ ಮೇಲೆ ಎರಡು, ಅದಕ್ಕಿಂತ ಜಡೆ ದೊಡ್ಡದು” ಎಂದು ಓದಿದರೆ ನಂಜುಂಡಪ್ಪನವರು ನಗದೆ, ತಿದ್ದದೆ, “ಹೂಂ, ಮುಂದುಕ್ಕ” ಎನ್ನುತ್ತಿದ್ದರು. ಗೌರಮ್ಮನವರು ಮಾತ್ರ ಒಮ್ಮೆ, “ಇಷ್ಟೊಂದು ಕುಡುಗೋಲು ಇಟ್ಕೊಂಡು ಇವ್ರು ಕುಯ್ಯೋದೇನು ಮೇಷ್ಟ್ರೆ?” ಎಂದು ಕೇಳಿದ್ದರು. ನಾನು ಪುಟ ತಿರುಗಿಸಿದೆ.

ಒಂದು ಭಾನುವಾರ ಓದು ಬಹಳ ಎಳೆಯಿತು. ಗಂಟೆ ಮೂರೂವರೆ ದಾಟಿತ್ತು. ಪುಟದ ಕೆಳಗೆ ಏಳು ಸಾಲು, ಒಂದೊಂದರಲ್ಲೂ ನಾಲ್ಕಾರು ಕುಡುಗೋಲು. ಅದರ ಕೆಳಗೆ ಮೂರು ಚುಕ್ಕಿಯ ‘ಆದ್ದರಿಂದ’. ನಾನು ಏಳೂ ಸಾಲು ಹಾರಿ ನೇರವಾಗಿ ‘ಆದ್ದರಿಂದ’ಕ್ಕೆ ಇಳಿದು, ಪುಸ್ತಕ ಮುಚ್ಚಿ, ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಸುಖವಾಗಿ ತೂಕಡಿಸಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮುಂದಿನ ಭಾನುವಾರ ಹೋದಾಗ ನಂಜುಂಡಪ್ಪನವರ ಮುಖ ಬಾಡಿತ್ತು. ವಾರವಿಡೀ ಸರಿಯಾಗಿ ಊಟ ಮಾಡಿಲ್ಲ ಎಂದು ಗೌರಮ್ಮನವರು ದೂರಿದರು. “ಪುಸ್ತಕದೋನು ತಪ್ಪು ಮಾಡವ್ನ ಮೇಷ್ಟ್ರೆ” ಎಂದರು ನಂಜುಂಡಪ್ಪನವರು. “ಮೇಲಿಂದ ಕೆಳಕ್ಕ ದಾರೀನೇ ಇಲ್ಲ, ನೆಗೆದ್ಬುಟ್ಟವ್ನ. ಅವ್ನಿಗ ಕಾಗ್ದ ಬರೀಬೇಕು. ಬರ್ಕಳಿ.”

ನೆಗೆದವನು ಯಾರೆಂದು ನನಗೆ ಗೊತ್ತಿತ್ತು. ಆದರೂ ಕಾಗದ, ಪೆನ್ನು ತೆಗೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ತಮ್ಮ ಗ್ರಂಥದ ಇಂಥ ಪುಟದಲ್ಲಿ ತಾವು ಕಾರಣ ಕೊಡದೆ ನಿರ್ಣಯಕ್ಕೆ ಬಂದಿದ್ದೀರಿ, ಒಬ್ಬ ವಿದ್ವಾಂಸರಿಗೆ ಇದು ತರವಲ್ಲ ಎಂದು. ನನ್ನ ಮೇಲಿನ ಆರೋಪಪಟ್ಟಿಯನ್ನು ನಾನೇ ದುಂಡಗಿನ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದೆ. ಅವರು ತಡವಿ ತಡವಿ ರುಜು ಹಾಕಿದರು.

ಆ ವಾರ ಗುಂಡ್ಲುಪೇಟೆಯ ಅಂಚೆ ಡಬ್ಬಿಯ ಮುಂದೆ ದಿನವೂ ನಿಂತೆ. ಹಾಕಿದರೆ ಮುಪ್ಪಿನಲ್ಲಿ ನಂಜುಂಡಪ್ಪನವರ ಮಾನ ಸಮುದ್ರದಾಚೆ ಹೋಗುತ್ತದೆ. ಹಾಕದಿದ್ದರೆ ನಾನು ತಪ್ಪೊಪ್ಪಿಕೊಳ್ಳಬೇಕು. ಕಾಗದ ಜೇಬಿನಲ್ಲೇ ಬೆವರಿಗೆ ಮೆತ್ತಗಾಯಿತು.

ಭಾನುವಾರ ನಾನು ಜಗಲಿ ಹತ್ತುವ ಮೊದಲೇ ಅವರು ಕೇಳಿದರು: “ಕಾಗ್ದ ಆಕ್ಬುಟ್ರಾ?”

“ಇಲ್ಲ ಸಾರ್.”

“ಒಳ್ಳೇದಾಯ್ತು ಬುಡಿ. ಅವ್ನು ಯೋಳಿದ್ದು ಸರಿಯಾಗೇ ಅದ. ದಾರಿ ನನಗ ಮೊನ್ನೆ ಸಿಕ್ತು. ನನ್ನ ಮಾನ ಉಳಿಸ್ಬುಟ್ರಿ.”

ಪಾರಾದೆ ಎಂದುಕೊಂಡೆ. ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ತಾವಾಗಿ ಒಳಗಿಳಿದವು. ಆಗ ಅವರು, “ಎಲ್ಲಿ, ಆ ಪುಟ ಇನ್ನೊಂದ್ಸಲ ಓದಿ. ಅವ್ನು ಹೆಂಗ ಬರ್ದವ್ನ ನೋಡನ” ಎಂದರು. ಈಗ ಎಲ್ಲಿಗೆ ಹಾರುವುದು? ಓದಿದೆ. ಏಳು ಸಾಲೂ ಒಂದೊಂದಾಗಿ ನನ್ನ ಬಾಯಿಂದಲೇ ಹೊರಬಂದವು. ಮುಗಿದ ಮೇಲೆ ನಂಜುಂಡಪ್ಪನವರು ಕೇಳಿದರು:

“ಈ ಏಳು ಸಾಲು ಆವತ್ತು ಎಲ್ಗ ಓಗಿದ್ವು ಮೇಷ್ಟ್ರೆ?”

“ಬಸ್ಸಿಗೆ ಹೊತ್ತಾಗಿತ್ತು ಸಾರ್” ಎಂದೆ.

ಗೌರಮ್ಮನವರು ಮೊರದಿಂದ ತಲೆ ಎತ್ತದೆ, “ನನಗ ಆವತ್ತೇ ಗೊತ್ತಾಯ್ತು. ಪುಟಕ್ಕೊಂದು ಮೊರ ಕಾಯಿ ಮುಗೀತಿತ್ತು. ಆವತ್ತು ಅರ್ಧ ಮೊರ ಹಂಗೇ ಉಳ್ಕತ್ತು” ಎಂದರು.

ನಂಜುಂಡಪ್ಪನವರು ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರ ಭುಜ ಅಲುಗಿತು. ನೋಡಿದರೆ ನಗುತ್ತಿದ್ದಾರೆ, ಕಾಣದ ಕಣ್ಣಿನಲ್ಲಿ ನೀರು. “ಅವ್ನು ಏಳು ಸಾಲಲ್ಲಿ ಮುಗಿಸವ್ನ. ನನ್ನ ದಾರಿ ಎರಡು ಪುಟ ಆಯ್ತದ, ಬಳಸು ದಾರಿ. ಆದ್ರೂ ನಂದು ಕಣಪ್ಪ. ಕಣ್ಣು ಹೋದ್ಮ್ಯಾಲ ಬರೀ ಕೇಳ್ತಾ ಕುಂತಿದ್ದೆ. ಈ ವಾರ ಗಣಿತ ಮಾಡ್ದೆ” ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಮೇಷ್ಟ್ರಿಗ ಊಟಕ್ಕ ಇಕ್ಕು, ನಂಗೂ ಹೊಟ್ಟೆ ಹಸೀತದ” ಎಂದರು.

ಅಂದಿನಿಂದ ಎರಡು ವರ್ಷ ಒಂದಕ್ಷರ ಬಿಡದೆ ಓದಿ ಪುಸ್ತಕ ಮುಗಿಸಿದೆ. ಅವರು ಹೋದ ಮೇಲೆ ಗೌರಮ್ಮನವರು ಅದನ್ನು ನನಗೇ ಕೊಟ್ಟರು. ಈಗ ನಾನೂ ನಿವೃತ್ತ, ಬೇಕಾದಷ್ಟು ಹೊತ್ತಿದೆ. ಒಂದು ಚಣದಲ್ಲಿ ಹಾರಿದ್ದ ಆ ಏಳು ಸಾಲನ್ನು ಅರ್ಥಮಾಡಿಕೊಳ್ಳಬೇಕೆಂದು ಹಠ ಹಿಡಿದು ಹೋದ ವರ್ಷದಿಂದ ಕೂತಿದ್ದೇನೆ. ಸದ್ಯಕ್ಕೆ ಮೂರನೆಯ ಸಾಲಿನಲ್ಲಿದ್ದೇನೆ. ಯಾರಾದರೂ ಎದುರಿಗೆ ಕೂತು, “ಹೂಂ, ಮುಂದುಕ್ಕ” ಎಂದಿದ್ದರೆ ನಾಲ್ಕನೆಯದಕ್ಕೆ ಹೋಗುತ್ತಿದ್ದೆನೇನೋ.