ಕುಂಡದಲ್ಲಿ ಹಿಮಾಲಯ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಧೈರ್ಯ ಬೇಕು. ನನಗೆ ಅದಿಲ್ಲ. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ದಾರಿ ಕೇಳಿದರೆ, ತಿಳಿಯದಿದ್ದರೂ ಎಡಕ್ಕೆ ಕೈ ತೋರಿಸಿಬಿಡುತ್ತೇನೆ. ಇದುವರೆಗೆ ಯಾರೂ ತಿರುಗಿ ಬಂದು ಬೈದಿಲ್ಲವಾದ್ದರಿಂದ ಎಲ್ಲರೂ ಸರಿಯಾಗಿಯೇ ಮುಟ್ಟಿರಬೇಕೆಂದು ನಂಬಿದ್ದೇನೆ.

ನನ್ನ ಹೆಂಡತಿ ಸುಮಿತ್ರೆಗೆ ಗಿಡದ ಹುಚ್ಚು. ಮದುವೆ ಮನೆಗೆ ಹೋದರೂ ಬರುವಾಗ ಅವಳ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಟೊಂಗೆಯೊಂದು ಇರಲೇಬೇಕು. ಕಳೆದ ಚಳಿಗಾಲದಲ್ಲಿ, ಘಟ್ಟದ ಮೇಲಿಂದ ಬಂದ ನೀರುಳ್ಳಿ ಚೀಲ ಕೊಡವಿದ ಜಾಗದಲ್ಲಿ ಏನೋ ಹುಟ್ಟಿತು. ಎಲೆಗೆ ಬಿಳಿ ಗೆರೆ, ಅಂಚಿಗೆಲ್ಲ ಮುಳ್ಳು. ಕುಂಡದಲ್ಲಿಟ್ಟು ಸಾಕಿದಳು. ತೆಳ್ಳಗಿನ ಹಳದಿ ಹೂವು ಬಿಟ್ಟಿತು. ಎಲೆ ಮುರಿದರೆ ಅರಿಶಿನ ನೀರಿನಂಥ ಹಾಲು.

“ನೋಡಿ ಇಲ್ಲಿ, ಇದೆಂತ ಗಿಡ?” ಎಂದಳು.

ಮೊಬೈಲು ಹಿಡಿದೆ. ಗಸಗಸೆಯ ಕುಟುಂಬದ್ದು ಎಂದು ತೋರಿಸಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹಿಮಾಲಯದಲ್ಲಿ ಬೆಳೆಯುವ ಅಪರೂಪದ ಹೂವು ಎಂಬುದನ್ನು ನಾನೇ ಸೇರಿಸಿದೆ.

ಪಾಪ, ಅವಳು ನಂಬಿದಳು. ಕುಂಡವನ್ನು ನೆರಳಿಗೆ ಸರಿಸಿ, ದಿನಕ್ಕೆರಡು ಸಲ ಫ್ರಿಜ್ಜಿನ ತಣ್ಣೀರು ಹೊಯ್ದಳು. ಮಿರ್ಜಾನದ ಅಕ್ಕನಿಗೆ ಬೀಜ ಕೊಡುವುದಾಗಿ ಮಾತು ಕೊಟ್ಟಳು. “ನಮ್ಮನೆಯವ್ರಿಗೆ ಗೊತ್ತಿಲ್ದೇ ಇದ್ದ ಗಿಡವೇ ಇಲ್ಲ” ಎಂದು ಬಂದವರಿಗೆಲ್ಲ ಹೇಳಿದಳು. ಹದಿನೆಂಟು ವರ್ಷಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಗಿಡ ದಿನೇ ದಿನೇ ಬಾಡುತ್ತಿದ್ದರೂ ನಿಜ ಹೇಳಿ ಆ ಹೊಗಳಿಕೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಆಗಲೇ ಎದುರು ಮನೆಗೆ ಗದಗದ ಕಡೆಯ ಸಂಸಾರವೊಂದು ಬಂತು. ಆ ಮನೆಯಾಕೆ ಚಹಕ್ಕೆಂದು ಬಂದವರು ಕುಂಡದ ಮುಂದೆ ನಿಂತು ನಗತೊಡಗಿದರು.

“ಅಯ್ಯ, ದತ್ತೂರಿ ಕಂಟಿ ಐತಲ್ರೀ ಇದು. ಹೊಲದ ಬದುವಿನ್ಯಾಗ ಕಿತ್ತು ಕಿತ್ತು ನಮ್ಮ ಕೈಯೆಲ್ಲಾ ಮುಳ್ಳಾಗ್ತಾವ. ಇದನ್ಯಾಕ ಕುಂಡದಾಗ ಹಚ್ಚೀರಿ? ಬಿಸಿಲಿನ ಗಿಡ, ನೀರು ಹಾಕಿ ಕೊಲ್ಲಾಕತ್ತೀರಿ.”

ಸುಮಿತ್ರೆ ನನ್ನ ಕಡೆ ನೋಡಿದಳು. ನಾನು ಚಾವಣಿಯ ಫ್ಯಾನು ನೋಡಿದೆ. ಮರ್ಯಾದೆ ಮೂರು ಕಾಸಿಗೆ ಹೋಗುವುದನ್ನೇ ಕಾದೆ.

“ಇರ್ಲಿ ಅಕ್ಕಾ,” ಎಂದಳು ಅವಳು. “ಎಂತಕ್ಕೂ ಬಾರದವ ಅಂತ ಇವ್ರ ಅಮ್ಮನೂ ಮದ್ವೆ ದಿನವೇ ಹೇಳಿದ್ರು. ನಾ ಸಾಕ್ತಾ ಇಲ್ವಾ? ಬೀಜ ಮಾತ್ರ ಯಾರಿಗೂ ಕೊಡೂದಿಲ್ಲ. ಇಂಥದ್ದು ಮನೆಗೆ ಎರಡಿದ್ರೆ ಸಾಕು.”

ಕುಂಡ ಅಂದೇ ಬಿಸಿಲಿಗೆ ಹೋಯಿತು. ನೀರೂ ಕಡಿಮೆಯಾಯಿತು. ಗಿಡ ಈಗ ಚೆನ್ನಾಗಿ ಚಿಗುರಿದೆ. ಅದನ್ನು ನೋಡಿ ಅವಳಿಗೆ ಹುರುಪು ಬಂದಿರಬೇಕು. ನನ್ನ ಸಂಜೆಯ ಎರಡನೇ ಲೋಟ ಚಹವನ್ನೂ ನಿಲ್ಲಿಸಿದ್ದಾಳೆ.